ಸೂಜಿಗೆ ಮುಂಚೆ

ಸೂಜಿ ಇನ್ನೇನು ತೋಳಿಗೆ ತಾಗಬೇಕು, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಇದು ಮೂರನೇ ಸಲ," ಎಂದರು ಸಿಸ್ಟರ್. "ನಿಮಗೂ ನನಗೂ ಏನಾದ್ರೂ ಹಳೇ ದ್ವೇಷ ಇದ್ರೆ ಹೇಳಿಬಿಡಿ."

ಹಿಂದಿನ ಎರಡು ಶನಿವಾರವೂ ಅವಳು ಹೀಗೇ ತೋಳು ಮಡಚಿ ಕೂತು, ಹೀಗೇ ಎದ್ದು ಹೋಗಿದ್ದಳು. ಇವತ್ತು ಲಸಿಕೆ ಕೇಂದ್ರದಲ್ಲಿ ಜನ ಕಡಿಮೆ. ಸಿಸ್ಟರ್ ಸಿರಿಂಜನ್ನು ಟ್ರೇಯಲ್ಲಿಟ್ಟು ಸ್ಟೂಲು ಹತ್ತಿರಕ್ಕೆಳೆದುಕೊಂಡರು.

"ಮಗುವಿನ ಯೋಚನೆನಾ?"

"ಹೂಂ. ಮುಂದಿನ ತಿಂಗಳಿಂದ ಚಿಕಿತ್ಸೆ ಶುರು."

"ಅಲ್ಲಿ ಡಾಕ್ಟರ್ ಏನಂದ್ರು?"

"ಹಾಕಿಸ್ಕೊಂಡೇ ಬನ್ನಿ ಅಂದ್ರು. ಇದರಿಂದ ಮಕ್ಕಳಾಗಲ್ಲ ಅನ್ನೋದಕ್ಕೆ ಆಧಾರ ಇಲ್ವಂತೆ. ಬಸುರಿ ಆಗಿರೋವಾಗ ಕಾಯಿಲೆ ಬಂದ್ರೆ ಅದೇ ಹೆಚ್ಚು ಅಪಾಯ ಅಂತೆ."

"ಮತ್ತಿನ್ನೇನು?"

"ನನಗಿರೋದು ಒಂದೇ ಅವಕಾಶ, ಸಿಸ್ಟರ್. ಹೆಚ್ಚುಕಮ್ಮಿ ಆದ್ರೆ ಇನ್ನೊಂದಿಲ್ಲ."

ಬುದ್ಧಿ ಹೇಳುವವರಿಗೇನೂ ಬರವಿರಲಿಲ್ಲ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿ, ತನ್ನ ಅತ್ತಿಗೆಯ ತಂಗಿಗೆ ಲಸಿಕೆ ಆದ ಮೇಲೆ ಮುಟ್ಟೇ ನಿಂತುಹೋಯಿತೆಂದು ಕಣ್ಣರಳಿಸಿ ಹೇಳಿದ್ದಳು. ಆ ತಂಗಿ ಈಗ ಏಳು ತಿಂಗಳ ಬಸುರಿ ಎನ್ನುವುದು ವಾರ ಕಳೆದ ಮೇಲೆ ಗೊತ್ತಾಯಿತು. ಗಾಳಿಸುದ್ದಿಯ ಹಣೆಬರಹವೇ ಅಷ್ಟು. ಅದು ಸುಳ್ಳೆಂದು ಗೊತ್ತಾದರೂ ಅಳುಕು ಹೋಗುವುದಿಲ್ಲ.

ಇಬ್ಬರು ಕೂತು ಮಾಡಬೇಕಾದ ತೀರ್ಮಾನ ಇದು. ಅವಳು ಸಂಜೆ ಅಂಗಡಿಯಿಂದ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ, ಒಬ್ಬಳೇ ತೂಗುತ್ತಿದ್ದಳು. ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ "ಒತ್ತುತ್ತಾ? ಈಗ ಸರಿಯಾ?" ಎಂದು ಕೇಳಿದ ಬಾಯಿ, ಮನೆಗೆ ಬಂದ ಮೇಲೆ ಬೆಳಗಿನವರೆಗೆ ತೆರೆಯುತ್ತಿರಲಿಲ್ಲ. ಗಂಡ ಈ ವಿಷಯದಲ್ಲಿ ಹೇಳಿದ ಮಾತು ಒಂದೇ: "ಅವಸರ ಬೇಡ. ಮೊದಲು ಮಗುವಿನ ವಿಷಯ ಭದ್ರವಾಗಲಿ, ಆಮೇಲೆ ಸೂಜಿ." ಮತ್ತೆ ಅದನ್ನು ಬದಲಾಯಿಸಲಿಲ್ಲ.

ಅವನು ಲಿಫ್ಟ್ ಮೆಕ್ಯಾನಿಕ್. ಬದಲಿ ಭಾಗ ಚೀಲದಲ್ಲಿಲ್ಲದೆ, ಓಡುತ್ತಿರುವ ಲಿಫ್ಟಿನ ಒಂದು ಸ್ಕ್ರೂ ಕೂಡ ಬಿಚ್ಚಿದವನಲ್ಲ. ಮನೆಯಲ್ಲೂ ಅದೇ ಚಾಳಿ. ಒಂದು ಬಲ್ಬ್ ಉರಿಯುವ ಕಡೆ ಎರಡು ಬಲ್ಬ್ ತರಬೇಕು, ಒಂದು ಬಾಗಿಲಿಗೆ ಮೂರು ಕೀಲಿಕೈ ಇರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾಯಮಾನ. ಅಂಥವನಿಗೆ ಜೊತೆಯ ಕೆಲಸಗಾರನೊಬ್ಬ, ಲಸಿಕೆ ಗಂಡಸುತನಕ್ಕೇ ಪೆಟ್ಟು ಎಂದದ್ದು ಸಾಕಾಯಿತು. ಆ ಕೆಲಸಗಾರನ ಮೇಲೆ ಅವಳಿಗೆ ಕೋಪವಿತ್ತು. ಗಂಡನ ಮೇಲೆ ಅದಕ್ಕಿಂತ ಹೆಚ್ಚಿತ್ತು.

"ನನ್ನ ಹತ್ರ ಬಂದುಬಿಡೇ," ಎಂದು ಅಮ್ಮ ನಿನ್ನೆಯೂ ಫೋನಿನಲ್ಲಿ ಹೇಳಿದ್ದಳು. "ಆ ಮನೇಲಿ ನಿನಗೆ ಏನು ಸುಖ ಇದೆ? ನಿನಗಿನ್ನೂ ವಯಸ್ಸಿದೆ."

"ಅವರ ಮಗು ಬೇಕಮ್ಮ ನನಗೆ."

"ನಿನಗೆ ಹುಚ್ಚು," ಎಂದು ಅಮ್ಮ ಫೋನಿಟ್ಟಿದ್ದಳು.

"ನಿಮ್ಮ ಯಜಮಾನರು ಹಾಕಿಸ್ಕೊಂಡ್ರಾ?" ಸಿಸ್ಟರ್ ಕೇಳುತ್ತಿದ್ದರು.

"ಇಲ್ಲ."

"ಯಾಕಂತೆ?"

"ಇದೇ ಭಯ."

"ಚೆನ್ನಾಗಿದೆ. ಮೂರು ಸಲವೂ ನಿಮ್ಮನ್ನ ಒಬ್ಬರನ್ನೇ ಬಿಟ್ಟಿದ್ದಾರೆ. ಒಂದಿನ ಕರ್ಕೊಂಡು ಬನ್ನಿ, ನಾನು ಬುದ್ಧಿ ಹೇಳ್ತೀನಿ."

"ಅವರಿಗೆ ಹೇಳಿ ಪ್ರಯೋಜನ ಇಲ್ಲ, ಸಿಸ್ಟರ್."

"ಗೊತ್ತು ಬಿಡಿ, ದಿನಾ ನೋಡ್ತೀನಿ ಇಂಥವರನ್ನ. ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು ಅನ್ಕೊಂಡಿರ್ತಾರೆ."

ಅವಳಿಗೆ ಅಳು ಒತ್ತರಿಸಿ ಬಂತು. ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡಳು. ತಮಾಷೆ ಅತಿಯಾಯಿತೇನೋ ಎಂದು ಸಿಸ್ಟರ್ ಗಾಬರಿಯಾಗಿ ನೀರಿನ ಬಾಟಲಿ ಹುಡುಕತೊಡಗಿದರು. ಎರಡು ತಿಂಗಳಿಂದ ತೂಗಿ ತೂಗಿ ಅವಳಿಗೆ ಸಾಕಾಗಿತ್ತು. ಹೆದರಿ ಹಿಂದೆ ಸರಿದದ್ದು ತಮ್ಮ ಮನೆಯಲ್ಲಿ ಒಬ್ಬರೇ ಸಾಕು, ತನಗೆ ಬೇಡ ಎಂದುಕೊಂಡಳು.

"ಹಾಕಿ," ಎಂದು ತೋಳು ಚಾಚಿದಳು.

ಕಾಯುವ ಕೋಣೆಯಲ್ಲಿ ಅರ್ಧ ಗಂಟೆ. ಎದುರಿನ ಸಾಲಿನಲ್ಲಿ ಒಬ್ಬ ಗಂಡಸು ಹೆಂಡತಿಯ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ "ತಲೆ ಸುತ್ತುತ್ತಾ?" ಎಂದು ಕೇಳುತ್ತಿದ್ದ. ಆಕೆ ರೇಗುತ್ತಿದ್ದಳು. ನೋಡುತ್ತಿದ್ದ ಇವಳಿಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು ಬಂತು. ತನ್ನ ಚೀಲವನ್ನು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟಳು.

ಫೋನ್ ಬಂತು. ಸಂತಾನ ಚಿಕಿತ್ಸೆಯ ಆಸ್ಪತ್ರೆಯ ಹುಡುಗಿ.

"ಅಕ್ಕಾ, ಲಸಿಕೆ ಆಯ್ತಾ?"

"ಈಗ ತಾನೇ ಆಯ್ತು."

"ಒಳ್ಳೇದಾಯ್ತು. ಹಾಗಾದ್ರೆ ತಾರೀಖು ಬರ್ಕೊಳ್ತೀನಿ. ಯಜಮಾನರ ಸಹಿ ಎಲ್ಲಾ ಪುಟಕ್ಕೂ ಇದೆ, ತೊಂದರೆ ಇಲ್ಲ. ಫ್ರೀಜರಲ್ಲಿ ಇರೋದು ಒಂದೇ ಕೊಳವೆ, ಡಾಕ್ಟರ್ ಹೇಳಿದ್ದಾರಲ್ಲ?"

"ಹೇಳಿದ್ದಾರೆ."

"ಬರೋವಾಗ ಅವರ ಮರಣ ಪ್ರಮಾಣಪತ್ರದ ಇನ್ನೊಂದು ಪ್ರತಿ ತನ್ನಿ ಅಕ್ಕಾ. ಹೋದ ಸಲ ಕೊಟ್ಟಿದ್ದು ಮಸುಕಾಗಿದೆ."

ಲಸಿಕೆ ಹಾಕಿಸಿಕೊಂಡರೆ ಎಲ್ಲಿ ಮಕ್ಕಳಾಗದೆ ಹೋದೀತೋ ಎಂದು ಹೆದರಿ, ಅವನು ಮೊದಲು ಆ ಆಸ್ಪತ್ರೆಗೆ ಹೋಗಿ ತನ್ನ ವೀರ್ಯವನ್ನು ಭದ್ರವಾಗಿ ಇಡಿಸಿ ಬಂದಿದ್ದ. ಅವನ ಲಸಿಕೆಯ ದಿನಕ್ಕೆ ಇನ್ನೂ ನಾಲ್ಕು ದಿನವಿರುವಾಗ, ಲಸಿಕೆ ತಡೆಯಬೇಕಿದ್ದ ಕಾಯಿಲೆಯೇ ಬಂದು ಅವನನ್ನು ಕೊಂಡೊಯ್ದಿತ್ತು.