ಆಷಾಢದಲ್ಲಿ ಬೆಟ್ಟ ಇರುವುದಿಲ್ಲ

ಈ ರಾಷ್ಟ್ರೀಯ ಉದ್ಯಾನಕ್ಕೆ ಯಾವಾಗ ಬರಬೇಕೆಂದು ಗೇಟಿನ ಬೋರ್ಡಿನಲ್ಲಿ ನಾನೇ ಬರೆದಿದ್ದೇನೆ: ಆಷಾಢ ಬಿಟ್ಟು ಯಾವಾಗ ಬೇಕಾದರೂ ಬನ್ನಿ. ಆಷಾಢದಲ್ಲಿ ನೀಲಮ್ಮನ ಬೆಟ್ಟ ತವರಿಗೆ ಹೋಗುತ್ತದೆ. ವರ್ಷಕ್ಕೊಂದು ಊರನ್ನು ತವರು ಮಾಡಿಕೊಳ್ಳುತ್ತದೆ. ಯಾವ ಊರೆಂದು ಅದಕ್ಕೇ ಗೊತ್ತು. ಆದರೆ ಬೋರ್ಡ್ ಓದುವವರು ಯಾರು?

ಮೊನ್ನೆ ಚಿದಾನಂದನೆಂಬ ಹೊಸ ಮದುಮಗ ಬಂದು ಎರಡು ಟಿಕೆಟ್ ಕೇಳಿದ.

“ಬೆಟ್ಟ ಎಲ್ಲಯ್ಯಾ ಇದೆ?” ಎಂದು ಅದು ಎದ್ದುಹೋದ ಜಾಗ ತೋರಿಸಿದೆ. ಅಲ್ಲಿ ಎಮ್ಮೆಗಳು ಮೇಯುತ್ತಿದ್ದವು.

ಅವನ ಮುಖ ಸಪ್ಪಗಾಯಿತು. “ಸಾರ್, ನನ್ ಹೆಂಡ್ತೀನೂ ತವರಿಗೆ ಹೋಗವ್ಳೆ. ಆಷಾಢ ಮುಗಿಯೋಗಂಟ ನಾನು ಅತ್ತೆ ಮನೆ ಹೊಸ್ತಿಲು ದಾಟಂಗಿಲ್ಲ. ಬೆಟ್ಟಕ್ಕೆ ಹೊಸ್ತಿಲಿಲ್ವಲ್ಲ, ಇಲ್ಲೇ ಸಿಗಾನ ಅಂದ್ಕೊಂಡಿದ್ವಿ. ಹನ್ನೆರಡು ದಿನ ಆಯ್ತು ಸಾರ್ ಅವಳ ಮುಖ ನೋಡಿ!”

“ಬೋರ್ಡ್ ಬರೆದಿರೋದು ಎಮ್ಮೆಗಳಿಗಾ?” ಎಂದು ರೇಗಿದೆ.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಹೆಂಡತಿಯ ಕೂಗು ನನಗೂ ಕೇಳಿಸಿತು. “ರೀ, ನಾನು ಬರಾಕಾಗಲ್ಲ! ಯಾವ್ದೋ ಬೆಟ್ಟ ಬಂದು ನಮ್ಮ ಹಿತ್ತಲಿಗೆ ಅಂಟ್ಕೊಂಡು ಕೂತದೆ. ಬಸ್ಸಿನ ದಾರಿ ಮುಚ್ಚೋಗದೆ. ಅವ್ವ ಅದಕ್ಕೆ ಅರಿಶಿನ ಕುಂಕುಮ ಇಡ್ತಾವ್ಳೆ!”

ಚಿದಾನಂದ ನನ್ನ ಮುಖ ನೋಡಿದ. ಎರಡು ಟಿಕೆಟ್ ಹರಿದು ಅವನ ಕೈಗಿಟ್ಟೆ.

“ಬೆಟ್ಟ ಎಲ್ಲೋ ಉದ್ಯಾನ ಅಲ್ಲೇ. ಮಾವ ಕೇಳಿದ್ರೆ ಟಿಕೆಟ್ ತೋರ್ಸು. ಹಿತ್ತಲ ಕಡೆಯಿಂದ ಹತ್ತು, ಹೊಸ್ತಿಲ ಹತ್ರ ಸುಳಿದ್ರೆ ಕಾಲು ಮುರೀತೀನಿ!”

ಅವನು ಆಗಲೇ ಬೈಕಿನ ಮೇಲಿದ್ದ.

ಸಂಜೆ ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿದೆ: ಹೊಸ ಅಳಿಯಂದಿರು ಆಷಾಢದಲ್ಲೇ ಬನ್ನಿ.