ಎಕ್ಸ್‌ರೇ ಒಳಗೆ ಅಡಗಿದ್ದ ಹೆಸರು

ಗದಗಿನ ಒಂದು ಸ್ಕ್ಯಾನಿಂಗ್ ಸೆಂಟರ್. ಬೆಳಗಿನ ಹೊತ್ತು, ಬೆಂಚುಗಳ ತುಂಬ ಜನ...

ಎಕ್ಸ್‌ರೇ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್ ಪ್ರಹ್ಲಾದ ಸಿಟ್ಟಿನಿಂದ ಹೊರಗೆ ಬಂದರು. ಎಡಗೈ ನೋವೆಂದು ಬಂದಿದ್ದ ರೋಗಿಯ ರಿಪೋರ್ಟಿನಲ್ಲಿ ಬಲಗೈ ಮೂಳೆ ಮುರಿದಿದೆ ಎಂದಿತ್ತು.

"ಶಿವಲೀಲಾ, ಯಾರ ಎಕ್ಸ್‌ರೇ ಯಾರ ಹೆಸರಿಗೆ ಕಳಿಸಿದಿ?"

ಎಕ್ಸ್‌ರೇ ತೆಗೆಯುವ ಶಿವಲೀಲಾ ಗಾಬರಿಯಾದಳು. "ಸರಿಯಾಗೇ ಕಳಿಸೇನ್ರಿ ಸರ್. ಒಮ್ಮೆ ಚೆಕ್ ಮಾಡ್ರಿ..."

"ಏನ್ ಚೆಕ್ ಮಾಡೋದು? ನಿನಗ ಮಂದಿ ಜೀವ ಅಂದ್ರ ಆಟ. ನಾಳೆಯಿಂದ ಬರಬ್ಯಾಡ."

ಎಲ್ಲರೂ ನೋಡುತ್ತಿದ್ದರು. ಅವಳು ಬ್ಯಾಗ್ ತೆಗೆದುಕೊಂಡು ಹೊರಟಳು.

ಆ ಎಕ್ಸ್‌ರೇ ನಿಜಕ್ಕೂ ಯಾರದೆಂದು ನೋಡಲೇಬೇಕೆಂದು ರೋಗಿಯ ಕಡೆಯವರು ಒತ್ತಾಯಿಸಿದ್ದರಿಂದ ಮಧ್ಯಾಹ್ನ ಕಂಪ್ಯೂಟರ್ ಇಂಜಿನಿಯರ್ ಬಂದ.

"ಸರ್, ಎಕ್ಸ್‌ರೇ ತೆಗೆದ ಕೂಡ್ಲೇ ರೋಗಿ ಹೆಸರು, ಟೈಮು ಚಿತ್ರದೊಳಗೇ ಅಡಗಿ ಕೂಡ್ತದ. ಕಣ್ಣಿಗೆ ಕಾಣಂಗಿಲ್ಲ. ವಾಟರ್‌ಮಾರ್ಕ್ ಅಂತಾರ. ಬೇಕಾದಾಗ ಹೊರಗ ತೆಗೀಬಹುದು... ಚಿತ್ರ ಮೊದಲಿನಂಗೇ ಆಗ್ತದ, ಒಂದು ಚುಕ್ಕಿನೂ ಬದಲಾಗಂಗಿಲ್ಲ."

ಆ ರೋಗಿಯ ಹೆಸರಿಗೆ ಬಂದಿದ್ದ ಎಕ್ಸ್‌ರೇ ತೆರೆದು ಬಟನ್ ಒತ್ತಿದ. ಹೆಸರು ಬಂತು.

ಅದೇ ರೋಗಿ. ಅದೇ ಎಡಗೈ...

ಶಿವಲೀಲಾ ಸರಿಯಾಗಿಯೇ ಕಳಿಸಿದ್ದಳು. ಡಾಕ್ಟರಿಗೆ ಆಗ ನೆನಪಾಯಿತು: ಬೆಳಿಗ್ಗೆ ಎರಡು ಎಕ್ಸ್‌ರೇ ಒಟ್ಟಿಗೆ ತೆರೆದಿಟ್ಟುಕೊಂಡು, ಫೋನಿನಲ್ಲಿ ಮಾತಾಡುತ್ತ, ಒಬ್ಬರದ್ದು ನೋಡಿ ಇನ್ನೊಬ್ಬರಿಗೆ ಬರೆದವರು ತಾವೇ.

ಡಾಕ್ಟರಿಗೆ ಇಂಜಿನಿಯರನ ಮುಖ ನೋಡಲಾಗಲಿಲ್ಲ.

ಸಂಜೆ ಡಾಕ್ಟರ್ ಶಿವಲೀಲಾಳ ಮನೆಗೆ ಹೋದರು. ಬಾಗಿಲು ತೆಗೆದವರು ಅವಳ ಅಪ್ಪ.

"ತಪ್ಪು ನಂದರಿ, ಆಕಿದಲ್ಲ. ಕ್ಷಮಾ ಕೇಳಲಿಕ್ಕೆ ಬಂದೀನಿ."

ಅಪ್ಪ ಅವರನ್ನು ಒಳಗೆ ಕರೆದು ಕೂರಿಸಿದರು.

"ಮುಂಜಾನೆ ನಾನೂ ಅಲ್ಲೇ ಬೆಂಚಿನ ಮ್ಯಾಲ ಕುಂತಿದ್ನಿರಿ. ಮಗಳು ಕೆಲಸ ಮಾಡೋ ಜಾಗ ನೋಡಬೇಕಂತ ಇವತ್ತ ಮೊದಲನೇ ಸಲ ಬಂದಿದ್ನಿ... ಮನಿಗೆ ಬರೋ ದಾರಿ ತುಂಬಾ 'ನಾ ತಪ್ಪು ಮಾಡಿಲ್ಲಪ್ಪಾ' ಅಂತ ಅತ್ಲು. ಡಾಕ್ಟರ್ ಸುಳ್ಳು ಹೇಳ್ತಾರೇನು ಅಂತ ನಾನೂ ಬೈದ್ನಿ."

ಅಷ್ಟರಲ್ಲಿ ಶಿವಲೀಲಾ ಒಳಗಿನಿಂದ ಬಂದಳು. ಅಪ್ಪ ಅವಳ ಕಡೆ ತಿರುಗಿ ಕೈ ಮುಗಿದರು.

"ಕೈ ಇಳಸಪ್ಪಾ..." ಎಂದು ಅವಳು ಅವರ ಕೈ ಹಿಡಿದುಕೊಂಡು ಅತ್ತಳು.

ಮಗಳಿಗೆ ಕೈ ಮುಗಿದ ಆ ತಂದೆಯ ಮುಂದೆ ಡಾಕ್ಟರಿಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಶಿವಲೀಲಾ ಕೆಲಸಕ್ಕೆ ಬಂದಳು. ಡಾಕ್ಟರ್ ಬೆಂಚುಗಳ ಮುಂದೆ ನಿಂತು, ತಪ್ಪು ತಮ್ಮದೆಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಆದರೆ ಹಿಂದಿನ ದಿನ ಕೂತಿದ್ದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ...

*ನಮ್ಮ ಅವಸರದ ಒಂದು ಮಾತಿಗೆ, ಒಬ್ಬರನ್ನು ಅವರ ಮನೆಯವರೇ ನಂಬದಂತಾಗಬಹುದು.*

ನೀವು ಹೀಗೆ ಬೈದು ಕಳಿಸಿದವರು ಯಾರಾದರೂ ಇದ್ದಾರಾ... ಅವರ ಮನೆ ಬಾಗಿಲಿಗೆ ಹೋಗುವ ಧೈರ್ಯ ನಿಮಗಿದೆಯಾ?