ಕೂತಲ್ಲೇ ಎಂಟು ಸಾವಿರ

ಒದ್ದೆ ಸೀಮೆಸುಣ್ಣದ ವಾಸನೆ. ಶುಕ್ರವಾರ ಸಂಜೆಯಾದರೆ ಅಕ್ಕ ಇಬ್ಬರ ಕ್ಯಾನ್ವಾಸ್ ಬೂಟುಗಳಿಗೂ ಬಿಳಿ ಬಳಿದು ಕಿಟಕಿಯಲ್ಲಿ ಒಣಗಲು ಇಡುತ್ತಿದ್ದಳು, ಮರುದಿನದ ಶಾಲೆಯ ಕವಾಯತಿಗೆ. ತಂಗಿಯ ಜೋಡಿಗೆ ಎರಡು ಸಲ, ತನ್ನದಕ್ಕೆ ಉಳಿದಷ್ಟು. ಆಸ್ಪತ್ರೆಯಲ್ಲಿ ನೀರಲ್ಲಿ ಅದ್ದಿದ ಪ್ಲಾಸ್ಟರ್ ಪಟ್ಟಿಯನ್ನು ಎಡಗಾಲಿಗೆ ಸುತ್ತುವಾಗ ಅದೇ ವಾಸನೆ ಬಂದು, ಇಪ್ಪತ್ತಾರು ವರ್ಷದ ಆ ತಂಗಿ ಕಣ್ಣೊರೆಸಿಕೊಂಡಳು. “ಅಷ್ಟೊಂದು ನೋವಾ?” ಎಂದು ಕಟ್ಟು ಕಟ್ಟುತ್ತಿದ್ದವರು ಕೇಳಿದರು. “ಇಲ್ಲ, ವಾಸನೆ” ಎಂದಳು. ಅವರಿಗೆ ಅರ್ಥವಾಗಲಿಲ್ಲ, ಆದರೂ ಕೈ ಕೊಂಚ ಹಗುರ ಮಾಡಿದರು.

ಅವಳು ಬಿದ್ದದ್ದೇ ಹೆಜ್ಜೆ ಎಣಿಸುವ ಕೈಗಡಿಯಾರ ನೋಡುತ್ತ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕೂತು ಗಾಜು ಉಜ್ಜುವ ಕೆಲಸ. ಸಂಜೆ ನಡೆದೇ ಮನೆಗೆ ಬರುವಳು. “ಅಮ್ಮನ ಸಕ್ಕರೆ ಕಾಯಿಲೆ ನಮ್ಮಿಬ್ರಿಗೂ ಬರೋದು ಬೇಡ ಕಣೇ” ಎಂದು ಅಕ್ಕನೇ ಎರಡು ಗಡಿಯಾರ ತಂದು, ಒಬ್ಬರದು ಇನ್ನೊಬ್ಬರ ಫೋನಿನಲ್ಲಿ ಕಾಣುವಂತೆ ಮಾಡಿದ್ದಳು. ಮೇಲಿನ ಸಾಲಿನಲ್ಲಿ ಹೆಜ್ಜೆ, ಕೆಳಗಿನ ಸಾಲಿನಲ್ಲಿ ಹತ್ತಿದ ಮಹಡಿ. ಒಬ್ಬರು ಎಂಟು ಸಾವಿರ ಹೆಜ್ಜೆ ದಾಟಿದರೆ ಇನ್ನೊಬ್ಬರು ಚಪ್ಪಾಳೆಯ ಚಿತ್ರ ಒತ್ತಬೇಕು. ತಂಗಿ ಮೇಲಿನ ಸಾಲು ಬಿಟ್ಟು ಕೆಳಗೆ ಕಣ್ಣು ಹಾಯಿಸಿದವಳೇ ಅಲ್ಲ. ಆ ಸಂಜೆ ಇನ್ನು ನಲವತ್ತೇ ಹೆಜ್ಜೆ ಎಂದು ಮಣಿಕಟ್ಟು ನೋಡುತ್ತ ನಡೆದವಳು ಪಾದಚಾರಿ ಕಟ್ಟೆಯ ಅಂಚು ತಪ್ಪಿದ್ದಳು.

ಅಮ್ಮ ತೀರಿಕೊಂಡ ವಾರ ಅಕ್ಕ, “ನಿಂಗೆ ಬಂದು ಮುಖ ತೋರಿಸಿ ಹೋಗೋದು ಮಾತ್ರ ಗೊತ್ತು” ಎಂದಿದ್ದಳು. ತಂಗಿ, “ಇನ್ನು ನಿನ್ನ ಮನೆ ಮೆಟ್ಟಿಲು ಹತ್ತಿದ್ರೆ ಕೇಳು” ಎಂದು ಚೀಲ ಎತ್ತಿಕೊಂಡು ಹೊರಟಿದ್ದಳು. ಏಳು ತಿಂಗಳಾಯಿತು. ಒಂದು ಫೋನಿಲ್ಲ, ಕಾಗದವಿಲ್ಲ. ಚಪ್ಪಾಳೆ ಮಾತ್ರ ಇಬ್ಬರೂ ಒಂದು ದಿನವೂ ತಪ್ಪಿಸಿರಲಿಲ್ಲ. ಅಕ್ಕತಂಗಿಯರ ಮಾತುಕತೆಯಲ್ಲಿ ಉಳಿದದ್ದು ಅದೊಂದೇ.

ಅಂಗಡಿಯ ಯಜಮಾನರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೂರನೇ ಮಹಡಿಯ ಅವಳ ಕೋಣೆಗೆ ಹೊರಿಸಿ, “ಮನೆಯವರಿಗೆ ಹೇಳ್ಬೇಕಾ ಅಮ್ಮಾ?” ಎಂದಾಗ, “ಅಕ್ಕಂಗೆ ಗೊತ್ತು ಸಾರ್” ಎಂದು ಸುಳ್ಳು ಹೇಳಿದಳು. ಅಂದು ಉಳಿದ ನಲವತ್ತನ್ನು ಮಂಚದ ಮೇಲೆ ಕೂತೇ, ಗಡಿಯಾರದ ಕೈಯನ್ನು ತೊಟ್ಟಿಲು ತೂಗುವ ಹಾಗೆ ಬೀಸಿ ಮುಗಿಸಿದಳು. ಮರುದಿನ ಎಂಟು ಸಾವಿರವನ್ನೂ ಹಾಗೆಯೇ. ಅಕ್ಕನಿಗೆ ಸೊನ್ನೆ ಕಂಡರೆ ಬರಬಹುದು. ಆದರೆ ಸೊನ್ನೆ ಕಂಡೂ ಬಾರದೆ ಹೋದರೆ? ಆ ಉತ್ತರ ತಿಳಿಯುವುದಕ್ಕಿಂತ ಕೈ ನೋಯುವುದೇ ವಾಸಿ ಅನ್ನಿಸಿತ್ತು.

ಮೂರು ದಿನ ಬೀಸಿದಳು. ಎಡಗೈ ಸೋತರೆ ಬಲಗೈ, ಬಲಗೈ ಸೋತರೆ ಎಡಗೈ. ಬ್ರೆಡ್ಡಿನವನು ದಿನವೂ ಮೇಲೆ ಹತ್ತಿ ಬಂದು ಬಾಗಿಲ ಹಿಡಿಗೆ ಪೊಟ್ಟಣ ನೇತುಹಾಕಿ ಹೋಗುವನು. ಗಂಟೆ ಒತ್ತಿದರೆ ಪಾಪ ಕುಂಟುತ್ತ ಏಳಬೇಕಲ್ಲ ಎಂದು ಒತ್ತುತ್ತಿರಲಿಲ್ಲ. ಆ ಬ್ರೆಡ್ಡನ್ನೇ ನೀರಿನೊಂದಿಗೆ ನುಂಗಿ ಮತ್ತೆ ಬೀಸುವಳು. ಮೂರು ಸಂಜೆಯೂ ಚಪ್ಪಾಳೆ ಬಂತು. ಮೂರನೆಯದನ್ನು ನೋಡಿ ಅವಳಿಗೆ ಅಳುವೇ ಬಂತು: ಅಕ್ಕ ನಂಬಿಬಿಟ್ಟಿದ್ದಾಳೆ.

ನಾಲ್ಕನೇ ದಿನ ಮಧ್ಯಾಹ್ನ ಬಾಗಿಲಾಚೆ ಯಾರೋ ಏದುಸಿರು ಬಿಡುವುದು ಕೇಳಿತು. “ಅಲ್ಲೇ ನೇತುಹಾಕಿ ಹೋಗಣ್ಣಾ” ಎಂದಳು, ಕೈ ಬೀಸುತ್ತಲೇ.

“ಅಣ್ಣ ಅಲ್ಲ, ಅಕ್ಕ” ಎಂದು ಬಾಗಿಲು ತಳ್ಳಿಕೊಂಡು ಅಕ್ಕ ಒಳಗೆ ಬಂದಳು. ಕಾಲಿನ ಕಟ್ಟನ್ನೂ ಬೀಸುತ್ತಿದ್ದ ಕೈಯನ್ನೂ ಒಮ್ಮೆ ನೋಡಿದಳು.

“ನಿಂಗೆ ಯಾರು ಹೇಳಿದ್ರು?”

“ನೀನೇ.” ಅಕ್ಕ ತನ್ನ ಫೋನನ್ನು ತಂಗಿಯ ಮುಖಕ್ಕೆ ಹಿಡಿದಳು. “ಹೆಜ್ಜೆ ಎಂಟು ಸಾವಿರ, ಭೇಷ್. ಕೆಳಗೆ ನೋಡು. ಹತ್ತಿದ ಮಹಡಿ ಮೂರು ದಿನವೂ ಸೊನ್ನೆ. ಮೂರನೇ ಮಹಡೀಲಿರೋಳು ಕಿಟಕಿಯಿಂದ ಹಾರ್ಕೊಂಡು ಬರ್ತೀಯೇನೇ?”

“ಮತ್ತೆ ಚಪ್ಪಾಳೆ ಒತ್ತಿದ್ಯಲ್ಲ...”

“ಮೊದಲ್ನೇ ದಿನ ನೋಡ್ಲಿಲ್ಲ. ಎರಡ್ನೇ ದಿನ, ಲಿಫ್ಟ್ ಹಾಕ್ಸಿರ್ಬೇಕು ಅಂದ್ಕೊಂಡೆ. ನಿನ್ನೆ ಒತ್ತಿದ್ಮೇಲೆ ನಿದ್ದೆ ಬರ್ಲಿಲ್ಲ.” ಅಕ್ಕ ಮಂಚದ ತುದಿಯಲ್ಲಿ ಕೂತು ಕಟ್ಟಿನ ಅಂಚನ್ನು ಬೆರಳಲ್ಲಿ ಸವರಿದಳು. “ಬಿಳಿ ಬಳಿಯೋದು ನನ್ನ ಕೆಲಸ ಅಲ್ವೇನೇ? ಯಾರು ಬಳಿದ್ರು ಇದನ್ನ? ಅಂಚೆಲ್ಲ ಒರಟು.”

“ಅಕ್ಕಾ, ಅವತ್ತು ನಾನು ಹಾಗೆ ಅನ್ಬಾರ್ದಿತ್ತು...”

ಅಕ್ಕ ಚೀಲದಿಂದ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ತಂಗಿ ಎರಡೂ ಕೈ ಚಾಚಿದಳು. ಮೂರು ದಿನದ ಬೀಸಾಟಕ್ಕೆ ಎರಡೂ ಗಡಗಡ ನಡುಗುತ್ತಿದ್ದವು. ಅಕ್ಕ ಅದನ್ನು ನೋಡಿ, ಅವಳ ಮಣಿಕಟ್ಟಿನಿಂದ ಗಡಿಯಾರ ಬಿಚ್ಚಿ ದಿಂಬಿನ ಕೆಳಗೆ ತಳ್ಳಿದಳು. ಆಮೇಲೆ ಡಬ್ಬಿಯನ್ನು ತನ್ನ ಅಂಗೈ ಮೇಲೆಯೇ ಇಟ್ಟುಕೊಂಡು, ಚಮಚ ಮಾತ್ರ ತಂಗಿಯ ಕೈಗೆ ಕೊಟ್ಟಳು.